ಪಿಟೆನ್ ಜೀನ್ ಕಳ್ಕೊಂಡ ಪ್ರಾಸ್ಟೇಟ್ ಜೀವಕೋಶ ಏನನ್ನ ಓದತ್ತೆ, ಏನನ್ನ ಓದೋದು ಬಿಡತ್ತೆ?

ಪ್ರಶ್ನೆ: ನಮ್ಮ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಹಾರ್ಮೋನ್ ಟ್ರೀಟ್‌ಮೆಂಟ್ ಶುರುವಾಗಿದೆ. ಬಯಾಪ್ಸಿ ರಿಪೋರ್ಟ್ ಕೊನೇಲಿ "ಪಿಟೆನ್ ಲಾಸ್" ಅಂತ ಒಂದು ಸಾಲಿದೆ. ಅದು ಟ್ಯೂಮರ್ ಸಪ್ರೆಸರ್ ಜೀನ್, ಬ್ರೇಕ್ ಇದ್ದ ಹಾಗೆ ಅಂತ ಓದಿದೆ, ಇನ್ನೊಂದ್ ಕಡೆ ಅದು ಹೋದ್ರೆ ನೂರಾರು ಜೀನ್‌ಗಳ ಎಕ್ಸ್‌ಪ್ರೆಶನ್ ಬದಲಾಗತ್ತೆ ಅಂತಿತ್ತು. ನಾನು ಬಿಎಸ್ಸಿ ಓದಿರೋನು, ಆದ್ರೂ ತಲೆಗೆ ಹತ್ತಲಿಲ್ಲ. ಪಿಟೆನ್ ಡಿಎನ್‌ಎ ಮೇಲೆ ಕೂತು ಕೆಲಸ ಮಾಡೋ ಪ್ರೋಟೀನ್ ಅಲ್ಲವಲ್ಲ, ಮತ್ತೆ ಅದು ಹೋದ್ರೆ ಜೀನ್ ಎಕ್ಸ್‌ಪ್ರೆಶನ್ ಯಾಕೆ ಬದಲಾಗ್ಬೇಕು? ಇದು ನಂಗೂ ಬರತ್ತಾ? ಅಪ್ಪನ ಪಿಎಸ್‌ಎ ಇಳೀತಾ ಇದೆ, ಅದನ್ನ ನೋಡ್ಕೊಂಡ್ರೆ ಸಾಕಲ್ವಾ?

ಉತ್ತರ: ಮೊದಲು ನಿಮ್ಮನ್ನ ಜಾಸ್ತಿ ಕಾಡ್ತಿರೋ ಪ್ರಶ್ನೆ ಮುಗಿಸ್ಬಿಡೋಣ. ಗಡ್ಡೆಯ ರಿಪೋರ್ಟ್‌ನಲ್ಲಿ ಪಿಟೆನ್ ಲಾಸ್ ಅಂತ ಇದ್ರೆ ಅದು ಹೆಚ್ಚುಕಮ್ಮಿ ಯಾವಾಗ್ಲೂ ಆ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಆಗಿರೋ ನಷ್ಟ. ನಿಮ್ಮ ತಂದೆ ಹುಟ್ಟುವಾಗ ತಂದಿದ್ದಲ್ಲ, ಹಾಗಾಗಿ ನಿಮಗೆ ದಾಟಿ ಬರೋ ಮಾತಿಲ್ಲ. ಹುಟ್ಟಿನಿಂದಲೇ ಪಿಟೆನ್‌ನ ಒಂದು ಪ್ರತಿ ಕೆಟ್ಟಿರೋ ಜನ ಇದಾರೆ, ಅದಕ್ಕೆ ಕೌಡನ್ ಸಿಂಡ್ರೋಮ್ ಅಂತಾರೆ, ಆದ್ರೆ ಅದು ಅಪರೂಪ, ಅದ್ರಲ್ಲಿ ಕಾಣಿಸ್ಕೊಳ್ಳೋದು ಮುಖ್ಯವಾಗಿ ಬ್ರೆಸ್ಟ್, ಥೈರಾಯ್ಡ್, ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗಳು. ನಿಮ್ಮ ಮನೆಯವರು ಯೋಚಿಸಬೇಕಾದ ಜೀನ್ ಬೇರೆ, ಬಿಆರ್‌ಸಿಎ2 ಮತ್ತು ಅದರ ಜೊತೆಯ ಡಿಎನ್‌ಎ ರಿಪೇರಿ ಜೀನ್‌ಗಳು. ಪ್ರಾಸ್ಟೇಟ್ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡಿದ ಗಂಡಸರಲ್ಲಿ ಸುಮಾರು 100ಕ್ಕೆ 12 ಜನರಲ್ಲಿ ಡಿಎನ್‌ಎ ರಿಪೇರಿ ಮಾಡೋ ಯಾವುದಾದ್ರೂ ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿರತ್ತೆ ಅಂತ 2016ರಲ್ಲಿ ಗೊತ್ತಾಯ್ತು, ಅದು ಮಕ್ಕಳಿಗೆ, ಗಂಡಾಗ್ಲಿ ಹೆಣ್ಣಾಗ್ಲಿ, ಬರೋ ಸಾಧ್ಯತೆ ಇರೋ ವಿಷಯ. ಅದಕ್ಕೆ ನಿಮ್ಮ ತಂದೆಯ ರಕ್ತ ಅಥವಾ ಎಂಜಲಿನ ಟೆಸ್ಟ್ ಬೇರೇನೇ ಮಾಡಿಸ್ಬೇಕು, ಗಡ್ಡೆಯ ಪಿಟೆನ್ ರಿಪೋರ್ಟ್ ಅದರ ಬಗ್ಗೆ ಏನೂ ಹೇಳಲ್ಲ. ಇವೆರಡನ್ನ ಕಲಸ್ಕೊಂಡು ವರ್ಷಗಟ್ಲೆ ಭಯ ಪಟ್ಟೋರನ್ನ ನಾನು ನೋಡಿದೀನಿ, ಬೇಜಾರಾಗತ್ತೆ.

ಈಗ ಪಿಎಸ್‌ಎ ಪ್ರಶ್ನೆ, ಯಾಕಂದ್ರೆ ಜೀನ್ ಎಕ್ಸ್‌ಪ್ರೆಶನ್, ಅಂದ್ರೆ ಜೀವಕೋಶ ಒಂದು ಜೀನನ್ನ ಓದಿ ಅದರ ಪ್ರೋಟೀನ್ ಮಾಡೋದು, ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಪಿಎಸ್‌ಎ ಅನ್ನೋದು ಕೆಎಲ್‌ಕೆ3 ಅನ್ನೋ ಜೀನ್ ಓದಿ ಮಾಡಿದ ಪ್ರೋಟೀನ್. ನಿಮ್ಮ ದೇಹದ ಪ್ರತಿ ಜೀವಕೋಶದಲ್ಲೂ ಆ ಜೀನ್ ಇದೆ, ಕಣ್ಣಲ್ಲಿ, ಚರ್ಮದಲ್ಲಿ, ಎಲ್ಲಾ ಕಡೆ, ಆದ್ರೆ ಅದನ್ನ ಜೋರಾಗಿ ಓದೋದು ಪ್ರಾಸ್ಟೇಟ್ ಜೀವಕೋಶ ಮಾತ್ರ. ಯಾಕೆ ಅಂದ್ರೆ ಅಲ್ಲಿ ಆಂಡ್ರೋಜೆನ್ ರಿಸೆಪ್ಟರ್, ಅಂದ್ರೆ ಗಂಡು ಹಾರ್ಮೋನ್‌ಗಳನ್ನ ಹಿಡ್ಕೊಳ್ಳೋ ಪ್ರೋಟೀನ್, ಇದೆ. ಟೆಸ್ಟೋಸ್ಟೆರಾನ್ ಅಥವಾ ಅದರಿಂದಾದ ಇನ್ನೂ ಗಟ್ಟಿ ರೂಪ ಡಿಎಚ್‌ಟಿ ಬಂದು ಅದಕ್ಕೆ ಕಚ್ಕೊಂಡ್ರೆ, ಆ ರಿಸೆಪ್ಟರ್ ನ್ಯೂಕ್ಲಿಯಸ್ ಒಳಗೆ ಹೋಗಿ ಕೆಎಲ್‌ಕೆ3 ಪಕ್ಕದ ಡಿಎನ್‌ಎ ಮೇಲೆ ಕೂತು, ಇದನ್ನ ಓದಿ ಅಂತ ಗುರುತು ಹಾಕತ್ತೆ. ಅದೇ ರಿಸೆಪ್ಟರ್ ನೂರಾರು ಬೇರೆ ಜೀನ್‌ಗಳಿಗೂ ಗುರುತು ಹಾಕತ್ತೆ, ಟಿಎಂಪಿಆರ್‌ಎಸ್‌ಎಸ್2, ಎಫ್‌ಕೆಬಿಪಿ5, ಎನ್‌ಕೆಎಕ್ಸ್3.1, ಹೀಗೆ. ಹಾರ್ಮೋನ್ ಟ್ರೀಟ್‌ಮೆಂಟ್‌ನಲ್ಲಿ ಟೆಸ್ಟೋಸ್ಟೆರಾನ್ ಇಳಿಸ್ತೀವಿ, ರಿಸೆಪ್ಟರ್ ಡಿಎನ್‌ಎ ಬಿಟ್ಟು ಹೊರಗೆ ಬರತ್ತೆ, ಕೆಎಲ್‌ಕೆ3 ಓದೋದು ನಿಲ್ಲತ್ತೆ, ರಕ್ತದಲ್ಲಿ ಪಿಎಸ್‌ಎ ಬೀಳತ್ತೆ. ಅಂದ್ರೆ ಲ್ಯಾಬ್‌ನವರು ಕೊಡೋ ಆ ನಂಬರ್‌ನಲ್ಲಿ ಎರಡು ವಿಷಯ ಬೆರೆತಿವೆ, ಎಷ್ಟು ಕ್ಯಾನ್ಸರ್ ಜೀವಕೋಶ ಇವೆ ಅನ್ನೋದು ಒಂದು, ಅವು ಆಂಡ್ರೋಜೆನ್ ಮಾತು ಎಷ್ಟು ಕೇಳ್ತಿವೆ ಅನ್ನೋದು ಇನ್ನೊಂದು. ಈ ಎರಡನೇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಪಿಟೆನ್ ಕೈ ಹಾಕೋದು ಅಲ್ಲೇ.

ಪಿಟೆನ್ 10ನೇ ಕ್ರೋಮೋಸೋಮ್ ಮೇಲಿರೋ ಜೀನ್. 1997ರಲ್ಲಿ ಅಮೆರಿಕದ ಬೇರೆಬೇರೆ ತಂಡಗಳು ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಅದನ್ನ ಕಂಡುಹಿಡಿದ್ವು, ಮೆದುಳು, ಬ್ರೆಸ್ಟ್, ಪ್ರಾಸ್ಟೇಟ್ ಗಡ್ಡೆಗಳಲ್ಲಿ ಆ ಕ್ರೋಮೋಸೋಮ್‌ನ ಒಂದೇ ಜಾಗ ಮತ್ತೆ ಮತ್ತೆ ಕಳೆದು ಹೋಗ್ತಿತ್ತಲ್ಲ, ಅಲ್ಲಿ ಏನಿದೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು. ಅದರ ಪ್ರೋಟೀನ್ 403 ಅಮೈನೋ ಆಸಿಡ್‌ಗಳ ಚಿಕ್ಕ ಎಂಜೈಮ್, ಫಾಸ್ಫೇಟ್ ಕೀಳೋ ಎಂಜೈಮ್. ಎಲ್ಲರೂ ಅದು ಇನ್ನೊಂದು ಪ್ರೋಟೀನ್ ಮೇಲಿನ ಫಾಸ್ಫೇಟ್ ಕೀಳತ್ತೆ ಅಂತ ಅಂದ್ಕೊಂಡಿದ್ರು, ಆದ್ರೆ 1998ರಲ್ಲಿ ಗೊತ್ತಾಗಿದ್ದು ಅದರ ಮುಖ್ಯ ಗಿರಾಕಿ ಪ್ರೋಟೀನೇ ಅಲ್ಲ, ಜೀವಕೋಶದ ಪೊರೆಯಲ್ಲಿರೋ ಪಿಐಪಿ3 ಅನ್ನೋ ಕೊಬ್ಬಿನ ಕಣ ಅಂತ. ಹೊರಗಿಂದ ಬೆಳೀರಿ ಅನ್ನೋ ಸಂದೇಶ ಬಂದಾಗ ಪಿಐ3ಕೆ ಅನ್ನೋ ಎಂಜೈಮ್ ಪೊರೆಯಲ್ಲಿ ಪಿಐಪಿ3 ಮಾಡತ್ತೆ, ಪಿಟೆನ್ ಅದರ ಮೇಲಿಂದ ಒಂದು ಫಾಸ್ಫೇಟ್ ಕಿತ್ತು ವಾಪಸ್ ಪಿಐಪಿ2 ಮಾಡತ್ತೆ. ಅಷ್ಟೇ ಕೆಲಸ. ಸಂದೇಶ ಬಂತು, ಮುಗೀತು, ಒರೆಸಿ ಹಾಕು.

ಪಿಟೆನ್ ಇಲ್ದೇ ಹೋದ್ರೆ ಒರೆಸೋರಿಲ್ಲ. ಪಿಐಪಿ3 ಪೊರೆ ತುಂಬಾ ಉಳ್ಕೊಳ್ಳತ್ತೆ, ಅದನ್ನ ಹುಡುಕ್ಕೊಂಡು ಎಕೆಟಿ ಅನ್ನೋ ಪ್ರೋಟೀನ್ ಬಂದು ಪೊರೆಗೆ ಅಂಟ್ಕೊಳ್ಳತ್ತೆ, ಅಲ್ಲಿ ಅದರ ಮೇಲೆ ಎರಡು ಜಾಗದಲ್ಲಿ ಫಾಸ್ಫೇಟ್ ಬೀಳತ್ತೆ, ಅದು ಎಚ್ಚರ ಆಗತ್ತೆ. ಎಚ್ಚರ ಆದ ಎಕೆಟಿ ಪೊರೆ ಹತ್ರಾನೇ ಕೂರಲ್ಲ, ಸೈಟೋಪ್ಲಾಸ್ಮ್‌ಗೂ ಹೋಗತ್ತೆ, ನ್ಯೂಕ್ಲಿಯಸ್‌ಗೂ ಹೋಗತ್ತೆ. ಇಲ್ಲಿಂದ ನಿಮ್ಮ ಪ್ರಶ್ನೆಯ ಉತ್ತರ ಶುರು.

ಎಕೆಟಿ ಮುಟ್ಟೋ ಪ್ರೋಟೀನ್‌ಗಳಲ್ಲಿ ಫಾಕ್ಸ್‌ಓ ಕುಟುಂಬ ಒಂದು. ಇವು ನಿಜವಾದ ಅರ್ಥದಲ್ಲಿ ಡಿಎನ್‌ಎ ಮೇಲೆ ಕೂರೋ ಪ್ರೋಟೀನ್‌ಗಳು, ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳು. ಇವು ಓದಿಸೋ ಜೀನ್‌ಗಳಲ್ಲಿ ಜೀವಕೋಶ ವಿಭಜನೆ ನಿಲ್ಸೋ ಪಿ27, ಹಾಳಾದ ಜೀವಕೋಶ ತಾನಾಗೇ ಸಾಯೋ ಹಾಗೆ ಮಾಡೋ ಬಿಮ್, ಇಂಥವು ಇವೆ. ಎಕೆಟಿ ಫಾಕ್ಸ್‌ಓ ಮೇಲೆ ಫಾಸ್ಫೇಟ್ ಹಾಕಿದ ತಕ್ಷಣ ಇನ್ನೊಂದು ಪ್ರೋಟೀನ್ ಬಂದು ಅದನ್ನ ಹಿಡ್ಕೊಂಡು ನ್ಯೂಕ್ಲಿಯಸ್‌ನಿಂದ ಹೊರಗೆ ಕರ್ಕೊಂಡು ಹೋಗತ್ತೆ. ಫಾಕ್ಸ್‌ಓ ಸತ್ತಿಲ್ಲ, ಜೀನೂ ಕೆಟ್ಟಿಲ್ಲ, ಪಿ27 ಜೀನೂ ಸರಿಯಾಗೇ ಇದೆ, ಆದ್ರೆ ಓದಿಸ್ಬೇಕಾದೋರು ಬಾಗಿಲ ಹೊರಗೆ ನಿಂತಿದಾರೆ.

ಇದನ್ನ ಕಣ್ಣಾರೆ ನೋಡಬಹುದು. ಎಲ್‌ಎನ್‌ಕ್ಯಾಪ್ ಅಂತ ಒಂದು ಸೆಲ್ ಲೈನ್, ಅಂದ್ರೆ ಲ್ಯಾಬ್‌ನಲ್ಲಿ ತಲೆಮಾರುಗಟ್ಲೆ ಬೆಳೆಸ್ಕೊಂಡು ಬರೋ ಜೀವಕೋಶಗಳ ಸಾಲು, ಇದೆ, 1977ರಲ್ಲಿ ಒಬ್ಬ ರೋಗಿಯ ಲಿಂಫ್ ನೋಡ್‌ಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತೆಗೆದಿದ್ದು, ಇವತ್ತಿಗೂ ಜಗತ್ತಿನ ಪ್ರಾಸ್ಟೇಟ್ ಲ್ಯಾಬ್‌ಗಳಲ್ಲಿ ದಿನಾ ಬೆಳೆಸೋ ಜೀವಕೋಶ ಅದು, ಅದ್ರಲ್ಲಿ ಕೆಲಸ ಮಾಡೋ ಪಿಟೆನ್ ಇಲ್ಲ. ಫಾಕ್ಸ್‌ಓಗೆ ಹಸಿರು ಹೊಳೆಯೋ ಬಾಲ ಅಂಟಿಸಿ ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಜೀವಕೋಶದ ಮೈಯೆಲ್ಲಾ ಹಸಿರು, ಮಧ್ಯದಲ್ಲಿ ನ್ಯೂಕ್ಲಿಯಸ್ ಇರೋ ಜಾಗ ಮಾತ್ರ ಕಪ್ಪು ಗುಂಡಿ ಥರ ಕಾಣತ್ತೆ. ಪಿಐ3ಕೆ ತಡೆಯೋ ಔಷಧ ಹಾಕಿ ಕಾಯಿರಿ, ಒಂದು ಗಂಟೆ ಒಳಗೇ ಚಿತ್ರ ತಿರುಗಿ ಬೀಳತ್ತೆ, ಸುತ್ತ ಮಬ್ಬಾಗಿ ಮಧ್ಯದ ಗುಂಡಿ ಹಸಿರಾಗಿ ಹೊಳೆಯತ್ತೆ. ನಾನು ಇದನ್ನ ಮೊದಲ ಸಲ ನೋಡಿದಾಗ, ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದು ನಿಜಕ್ಕೂ ನಡೆಯೋ ಸಂಗತಿ ಅಂತ ಮೈ ಜುಮ್ ಅಂದಿತ್ತು. ಪೊರೆ ಮೇಲಿನ ಒಂದು ಫಾಸ್ಫೇಟ್‌ಗೂ ನ್ಯೂಕ್ಲಿಯಸ್ ಒಳಗೆ ಯಾವ ಜೀನ್ ಓದ್ತಾರೆ ಅನ್ನೋದಕ್ಕೂ ಇರೋ ದಾರಿ ಅಷ್ಟು ಗಿಡ್ಡ.

ಜೀನ್ ಎಕ್ಸ್‌ಪ್ರೆಶನ್ ಅಂದ್ರೆ ಬರೀ ಡಿಎನ್‌ಎಯಿಂದ ಆರ್‌ಎನ್‌ಎ ಆಗೋದು ಮಾತ್ರ ಅಂತ ತಿಳ್ಕೊಂಡ್ರೆ ಅರ್ಧ ಕಥೆ ತಪ್ಪೋಗತ್ತೆ. ಎಕೆಟಿ ಕೆಳಗೆ ಎಂಟಾರ್ ಅಂತ ಇನ್ನೊಂದಿದೆ, ಅದು ಆರ್‌ಎನ್‌ಎಯಿಂದ ಪ್ರೋಟೀನ್ ಮಾಡೋ ಯಂತ್ರದ ವೇಗ ನೋಡ್ಕೊಳ್ಳೋದು. ಎಂಟಾರ್ ಜೋರಾದಾಗ ಎಲ್ಲಾ ಆರ್‌ಎನ್‌ಎಗಳೂ ಒಂದೇ ಸಮ ಜಾಸ್ತಿ ಪ್ರೋಟೀನ್ ಆಗಲ್ಲ, ಕೆಲವು ನಮೂನೆಯವು ಮುಂದೆ ನುಗ್ಗತ್ವೆ. 2012ರಲ್ಲಿ ಪಿಸಿ-3 ಅನ್ನೋ ಪಿಟೆನ್ ಇಲ್ಲದ ಪ್ರಾಸ್ಟೇಟ್ ಸೆಲ್ ಲೈನ್‌ನಲ್ಲಿ ಯಾವ ಆರ್‌ಎನ್‌ಎ ಮೇಲೆ ಎಷ್ಟು ರೈಬೋಸೋಮ್ (ಪ್ರೋಟೀನ್ ಮಾಡೋ ಆ ಯಂತ್ರ) ಕೂತಿವೆ ಅಂತ ಒಂದೊಂದಾಗಿ ಎಣಿಸಿದಾಗ, ಎಂಟಾರ್ ಮುಂದೆ ತಳ್ಳೋದ್ರಲ್ಲಿ ಸುತ್ತಲ ಅಂಗಾಂಶಕ್ಕೆ ನುಗ್ಗೋಕೆ ಬೇಕಾದ ಪ್ರೋಟೀನ್‌ಗಳ ಗುಂಪೇ ಇತ್ತು, ವೈಬಿ1, ವೈಮೆಂಟಿನ್, ಸಿಡಿ44 ಇಂಥವು. ಬರೀ ಆರ್‌ಎನ್‌ಎ ಅಳೆಯೋ ಟೆಸ್ಟ್‌ನಲ್ಲಿ ಈ ಬದಲಾವಣೆ ಕಾಣ್ಸೋದೇ ಇಲ್ಲ. ಇದು ನಮ್ಮ ಕ್ಷೇತ್ರದಲ್ಲಿ ಜನ ಪದೇಪದೇ ಮರೆಯೋ ವಿಷಯ, ಅದಕ್ಕೇ ಒತ್ತಿ ಹೇಳ್ತಿದೀನಿ.

ಕ್ರೊಮಾಟಿನ್, ಅಂದ್ರೆ ಹಿಸ್ಟೋನ್ ಅನ್ನೋ ಪ್ರೋಟೀನ್‌ಗಳಿಗೆ ಸುತ್ಕೊಂಡಿರೋ ಡಿಎನ್‌ಎ, ಆ ಮಟ್ಟದಲ್ಲೂ ಇದರ ಕೈವಾಡ ಇದೆ. ಇಝೆಡ್‌ಎಚ್2 ಅನ್ನೋ ಎಂಜೈಮ್ ಹಿಸ್ಟೋನ್ ಮೇಲೆ ಗುರುತು ಹಾಕಿ ಜೀನ್‌ಗಳನ್ನ ಮುಚ್ಚಿಡತ್ತೆ, ಎಕೆಟಿ ಅದರ ಮೇಲೂ ಫಾಸ್ಫೇಟ್ ಹಾಕತ್ತೆ, ಆಗ ಅದು ಮುಚ್ಚೋ ಕೆಲಸ ಕಮ್ಮಿ ಮಾಡತ್ತೆ. ಹಾರ್ಮೋನ್ ಟ್ರೀಟ್‌ಮೆಂಟ್‌ಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಹೀಗೆ ಬದಲಾದ ಇಝೆಡ್‌ಎಚ್2 ಕೆಲವು ಜೀನ್‌ಗಳನ್ನ ತೆರೆಯೋಕೇ ಸಹಾಯ ಮಾಡತ್ತೆ ಅಂತಲೂ ತೋರಿಸಿದಾರೆ. ಬೀಗ ಹಾಕೋಕೆ ಇಟ್ಟೋನೇ ಕೀಲಿಕೈ ತಿರುಗಿಸ್ತಿರೋ ಸ್ಥಿತಿ.

ಇಷ್ಟೆಲ್ಲಾ ಯಾವ ಕ್ಯಾನ್ಸರ್‌ನಲ್ಲೂ ಆಗಬಹುದು. ಪ್ರಾಸ್ಟೇಟ್‌ನಲ್ಲಿ ವಿಶೇಷ ಏನು ಅಂದ್ರೆ ಇಲ್ಲಿ ಮೊದಲಿಂದ್ಲೇ ಒಬ್ಬ ದೊಡ್ಡ ಯಜಮಾನ ಇದಾನೆ, ಆಂಡ್ರೋಜೆನ್ ರಿಸೆಪ್ಟರ್. ಪಿಟೆನ್ ಹೋಗಿ ಎಕೆಟಿ ಮೇಲೆದ್ದಾಗ ಈ ಯಜಮಾನನಿಗೆ ಏನಾಗತ್ತೆ? ಎರಡೂ ಬೆಳವಣಿಗೆಗೆ ತಳ್ಳೋವೇ ಅಲ್ವಾ, ಎರಡೂ ಸೇರಿ ಜೋರಾಗ್ಬೇಕು ಅಂತ ಯಾರಿಗಾದ್ರೂ ಅನ್ಸತ್ತೆ. ಆದ್ರೆ 2011ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ, ಇಲಿಗಳಲ್ಲಿ ಮತ್ತು ಮನುಷ್ಯರ ಜೀವಕೋಶಗಳಲ್ಲಿ ನೋಡಿದ್ದು ಇದಕ್ಕೆ ಉಲ್ಟಾ. ಪಿಟೆನ್ ಹೋದ ಪ್ರಾಸ್ಟೇಟ್ ಜೀವಕೋಶದಲ್ಲಿ ಆಂಡ್ರೋಜೆನ್ ರಿಸೆಪ್ಟರ್ ಓದಿಸ್ತಿದ್ದ ಜೀನ್‌ಗಳ ಎಕ್ಸ್‌ಪ್ರೆಶನ್ ಇಳಿದಿತ್ತು. ಜೀವಕೋಶ ಹಳೇ ಯಜಮಾನನ ಮೇಲಿನ ಅವಲಂಬನೆ ಕಮ್ಮಿ ಮಾಡ್ಕೊಂಡು ಎಕೆಟಿ ದಾರಿ ಹಿಡಿದಿತ್ತು.

ಇನ್ನೂ ಒಳಗೆ ಹೋದ್ರೆ ಇವೆರಡೂ ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ, ಒಂದನ್ನ ಒತ್ತಿದ್ರೆ ಇನ್ನೊಂದು ಏಳತ್ತೆ, ಅದಕ್ಕೆ ಕಾರಣವಾದ ಕೊಂಡಿಗಳೂ ಜೀನ್ ಎಕ್ಸ್‌ಪ್ರೆಶನ್‌ನವೇ. ಮೇಲೆ ಎಫ್‌ಕೆಬಿಪಿ5 ಅಂದೆನಲ್ಲ, ಆಂಡ್ರೋಜೆನ್ ರಿಸೆಪ್ಟರ್ ಓದಿಸೋ ಜೀನ್. ಅದರ ಪ್ರೋಟೀನ್ ಫ್ಲಿಪ್ ಅನ್ನೋ ಇನ್ನೊಂದು ಫಾಸ್ಫೇಟ್ ಕೀಳೋ ಎಂಜೈಮನ್ನ ಕಾಪಾಡತ್ತೆ, ಆ ಫ್ಲಿಪ್ ಎಕೆಟಿ ಮೇಲಿನ ಫಾಸ್ಫೇಟ್ ಕಿತ್ತು ಅದನ್ನ ತಣ್ಣಗೆ ಇಡತ್ತೆ. ಈಗ ಹಾರ್ಮೋನ್ ಟ್ರೀಟ್‌ಮೆಂಟ್ ಕೊಟ್ವಿ ಅನ್ಕೊಳ್ಳಿ. ಆಂಡ್ರೋಜೆನ್ ರಿಸೆಪ್ಟರ್ ಸುಮ್ಮನಾಯ್ತು, ಕೆಎಲ್‌ಕೆ3 ಇಳೀತು, ಪಿಎಸ್‌ಎ ಇಳೀತು, ನಾವೆಲ್ಲಾ ಖುಷಿ ಪಟ್ವಿ. ಅದೇ ಹೊತ್ತಿಗೆ ಎಫ್‌ಕೆಬಿಪಿ5 ಕೂಡ ಇಳೀತು, ಫ್ಲಿಪ್ ಕಮ್ಮಿ ಆಯ್ತು, ಎಕೆಟಿ ಇನ್ನಷ್ಟು ಏರ್ತು. ಪಿಟೆನ್ ಇದ್ದಿದ್ರೆ ಪಿಐಪಿ3 ಒರೆಸಿ ಇದನ್ನ ಹಿಡಿತದಲ್ಲಿ ಇಡ್ತಿತ್ತು. ಅದೇ ಇಲ್ಲ. ತಿರುಗಿಸಿ ನೋಡಿ, ಪಿಐ3ಕೆ ದಾರೀನೇ ಔಷಧ ಕೊಟ್ಟು ಮುಚ್ಚಿದ್ವಿ ಅನ್ಕೊಳ್ಳಿ, ಆಗ ಅದುವರೆಗೂ ಅದುಮಿಟ್ಟಿದ್ದ ಎಚ್‌ಇಆರ್3 ಥರದ ಪೊರೆ ರಿಸೆಪ್ಟರ್‌ಗಳ ಎಕ್ಸ್‌ಪ್ರೆಶನ್ ಏರಿ, ಅವು ಆಂಡ್ರೋಜೆನ್ ರಿಸೆಪ್ಟರನ್ನ ಮತ್ತೆ ಎಬ್ಬಿಸತ್ವೆ. ಒಂದೇ ಬಾಗಿಲು ಮುಚ್ಚಿದ್ರೆ ಇನ್ನೊಂದು ಬಾಗಿಲಿಂದ ಹೊರಟುಹೋಗೋ ಕಾಯಿಲೆ ಇದು. ಇಲಿಗಳಲ್ಲಿ ಎರಡೂ ಒಟ್ಟಿಗೆ ಮುಚ್ಚಿದಾಗ ಗಡ್ಡೆ ಚೆನ್ನಾಗಿ ಕುಗ್ಗಿತು, ಮುಂದಿನ ದೊಡ್ಡ ಟ್ರಯಲ್‌ಗಳ ಹಿಂದಿನ ವಾದ ಅದೇ.

ಅದಕ್ಕೇ ಬ್ರೇಕ್ ಅನ್ನೋ ಹೋಲಿಕೆ ನಂಗೆ ಸಮಾಧಾನ ಕೊಡಲ್ಲ. ಬ್ರೇಕ್ ಹೋದ ಗಾಡಿ ಅದೇ ದಾರೀಲಿ ಜೋರಾಗಿ ಹೋಗತ್ತೆ. ಪಿಟೆನ್ ಹೋದ ಜೀವಕೋಶ ದಾರೀನೇ ಬದಲಾಯಿಸತ್ತೆ, ತಾನು ಪ್ರಾಸ್ಟೇಟ್ ಜೀವಕೋಶ ಅನ್ನೋ ಗುರುತನ್ನ ಕಾಯೋ ಜೀನ್‌ಗಳನ್ನ ಸ್ವಲ್ಪ ಸ್ವಲ್ಪವಾಗಿ ಓದೋದು ಬಿಡತ್ತೆ. ಎನ್‌ಕೆಎಕ್ಸ್3.1 ಇದಕ್ಕೆ ಒಳ್ಳೆ ಉದಾಹರಣೆ. 8ನೇ ಕ್ರೋಮೋಸೋಮ್ ಮೇಲಿನ ಈ ಜೀನ್ ಪ್ರಾಸ್ಟೇಟ್ ಜೀವಕೋಶಕ್ಕೆ ಅದರ ಸ್ವಭಾವ ಕೊಡೋ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್, ತಾನೇ ಒಂದು ಟ್ಯೂಮರ್ ಸಪ್ರೆಸರ್ ಕೂಡ, ಕಾಯಿಲೆಯ ತೀರಾ ಆರಂಭದಲ್ಲೇ ಇದರ ಒಂದು ಪ್ರತಿ ಹೋಗೋದು ಸಾಮಾನ್ಯ. ಇಲಿಗಳಲ್ಲಿ ಪಿಟೆನ್ ತೆಗೆದ್ರೆ ಎನ್‌ಕೆಎಕ್ಸ್3.1 ಜೀನ್ ಮುಟ್ಟದೇ ಇದ್ರೂ ಅದರ ಎಕ್ಸ್‌ಪ್ರೆಶನ್ ಬಿದ್ದುಹೋಗತ್ತೆ, ಅದನ್ನ ಹೊರಗಿಂದ ವಾಪಸ್ ತಂದ್ರೆ ಪಿಟೆನ್ ಇಲ್ದಿದ್ರೂ ಗಡ್ಡೆ ಹುಟ್ಟೋದು ತಗ್ಗತ್ತೆ. ಒಂದು ಸಪ್ರೆಸರ್ ಹೋದಾಗ ಇನ್ನೊಂದನ್ನ ಡಿಎನ್‌ಎ ಕೆಡಿಸದೇ ಬರೀ ಓದೋದು ನಿಲ್ಲಿಸಿ ಕೆಡವಬಹುದು ಅನ್ನೋದು ಇದರಿಂದ ತಿಳೀತು.

ಪ್ರಮಾಣದ ಮಾತೂ ಇದೆ. ಟ್ಯೂಮರ್ ಸಪ್ರೆಸರ್ ಅಂದಾಗ ಎಲ್ಲರಿಗೂ ನೆನಪಾಗೋದು 1971ರಲ್ಲಿ ಆಲ್ಫ್ರೆಡ್ ನಡ್ಸನ್ ರೆಟಿನೋಬ್ಲಾಸ್ಟೋಮಾ ಅನ್ನೋ ಕಣ್ಣಿನ ಕ್ಯಾನ್ಸರ್ ಇದ್ದ ಮಕ್ಕಳ ಲೆಕ್ಕ ನೋಡಿ ಹೇಳಿದ ಎರಡು ಏಟಿನ ಸಿದ್ಧಾಂತ, ಎರಡೂ ಪ್ರತಿ ಹೋದ್ರೆ ಮಾತ್ರ ತೊಂದರೆ ಅಂತ. ಪಿಟೆನ್ ಅಷ್ಟು ಸಾಫ್ ಇಲ್ಲ. ಇಲಿಗಳಲ್ಲಿ ಪಿಟೆನ್ ಪ್ರಮಾಣ ಸ್ವಲ್ಪ ಸ್ವಲ್ಪ ಇಳಿಸ್ತಾ ಹೋದ್ರೆ ಪ್ರಾಸ್ಟೇಟ್ ಕಾಯಿಲೆಯೂ ಅದಕ್ಕೆ ತಕ್ಕ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರತ್ತೆ, ಅರ್ಧ ಇದ್ರೆ ಒಂದು ಥರ, ಅದಕ್ಕಿಂತ ಕಮ್ಮಿ ಆದ್ರೆ ಇನ್ನೊಂದು ಥರ. ಮತ್ತೆ ಪೂರ್ತಿ ಹೋದ್ರೆ ಎಲ್ಲಕ್ಕಿಂತ ಕೆಟ್ಟದ್ದು ಆಗ್ಬೇಕಲ್ಲ, ಅಲ್ಲೊಂದು ತಿರುವಿದೆ. ಪಿಟೆನ್ ಪೂರ್ತಿ ಹೋದಾಗ ಜೀವಕೋಶದಲ್ಲಿ ಪಿ53 ಅನ್ನೋ ಇನ್ನೊಂದು ಟ್ಯೂಮರ್ ಸಪ್ರೆಸರ್ ಎದ್ದು ಕೂರತ್ತೆ, ಪಿ21 ಥರದ ಜೀನ್‌ಗಳನ್ನ ಓದಿಸಿ ಜೀವಕೋಶವನ್ನ ಸೆನೆಸೆನ್ಸ್ ಅನ್ನೋ ಸ್ಥಿತಿಗೆ ತಳ್ಳತ್ತೆ, ಅಂದ್ರೆ ಸಾಯಲ್ಲ, ಆದ್ರೆ ಇನ್ನು ವಿಭಜನೆ ಇಲ್ಲ, ಮುದಿಯಾಗಿ ಕೂತುಬಿಡತ್ತೆ. 2005ರಲ್ಲಿ ಇದನ್ನ ತೋರಿಸಿದ ಪ್ರಯೋಗದಲ್ಲಿ ಪಿಟೆನ್ ಮಾತ್ರ ತೆಗೆದ ಇಲಿಗಳ ಗಡ್ಡೆ ನಿಧಾನ, ಪಿ53 ಮಾತ್ರ ತೆಗೆದವುಗಳ ಪ್ರಾಸ್ಟೇಟ್‌ನಲ್ಲಿ ಗಡ್ಡೆಯೇ ಇಲ್ಲ, ಎರಡನ್ನೂ ತೆಗೆದವು ಬೇಗ ಸತ್ತುಹೋದ್ವು.

ಪಿ53 ಅಂದ್ರೆ ನೇರವಾಗಿ ಡಿಎನ್‌ಎ ಮೇಲೆ ಕೂರೋ ಸಪ್ರೆಸರ್, ನೀವು ಪ್ರಶ್ನೆ ಕೇಳುವಾಗ ಮನಸ್ಸಲ್ಲಿ ಇಟ್ಕೊಂಡಿದ್ದ ನಮೂನೆ. ನಾಲ್ಕು ಪ್ರತಿ ಸೇರಿ ಒಂದು ಘಟಕವಾಗಿ ಕೆಲಸ ಮಾಡತ್ತೆ, ಹಾಗಾಗಿ ಒಂದು ಜೀನ್ ಪ್ರತಿ ಕೆಟ್ರೆ ಕೆಟ್ಟ ಪ್ರೋಟೀನ್ ಒಳ್ಳೆಯದ್ರ ಜೊತೆ ಸೇರ್ಕೊಂಡು ಇಡೀ ಘಟಕವನ್ನೇ ಕೆಡಿಸಬಹುದು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೊದಲ ಹಂತದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಪಿ53 ಕೆಟ್ಟಿರೋದು ಕಮ್ಮಿ, ಹರಡಿ ಹಾರ್ಮೋನ್‌ಗೆ ಬಗ್ಗದ ಹಂತದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ ಕೆಟ್ಟಿರತ್ತೆ. ಪಿಟೆನ್ ಲೆಕ್ಕಾನೂ ಹಾಗೇ ಏರೋದು, ಆಪರೇಷನ್ ಮಾಡಿ ತೆಗೆಯೋ ಹಂತದ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು, ಹಾರ್ಮೋನ್‌ಗೆ ಬಗ್ಗದ ಹರಡಿದ ಕಾಯಿಲೆಯಲ್ಲಿ 100ಕ್ಕೆ 40ರ ಆಸುಪಾಸು.

ಇವೆಲ್ಲದರ ಕೊನೆ ತುದಿಗೆ ಆರ್‌ಬಿ1 ಬರತ್ತೆ, ನಡ್ಸನ್ ಹೇಳಿದ ಅದೇ ರೆಟಿನೋಬ್ಲಾಸ್ಟೋಮಾ ಜೀನ್. ಇದು ಇ2ಎಫ್ ಅನ್ನೋ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರನ್ನ ತಬ್ಬಿ ಹಿಡ್ಕೊಂಡು ಸುಮ್ಮನಿರಿಸತ್ತೆ, ಇದು ಹೋದ್ರೆ ವಿಭಜನೆಗೆ ಬೇಕಾದ ಜೀನ್‌ಗಳೆಲ್ಲಾ ಒಟ್ಟಿಗೆ ಓದಿಸ್ಕೊಳ್ಳತ್ವೆ. ಪಿ53, ಆರ್‌ಬಿ1 ಎರಡೂ ಹೋದ ಪ್ರಾಸ್ಟೇಟ್ ಜೀವಕೋಶ ಹಾರ್ಮೋನ್ ಔಷಧದ ಒತ್ತಡದಲ್ಲಿ ಏನು ಮಾಡಬಲ್ಲದು ಅಂತ 2017ರಲ್ಲಿ ಎರಡು ತಂಡ ಒಟ್ಟಿಗೆ ತೋರಿಸಿದ್ವು. ಸಾಮಾನ್ಯವಾಗಿ ಸ್ಟೆಮ್ ಸೆಲ್‌ಗಳಲ್ಲಿ ಓದೋ ಸಾಕ್ಸ್2 ಅನ್ನೋ ಜೀನ್ ಓದೋಕೆ ಶುರುಮಾಡತ್ತೆ, ಇಝೆಡ್‌ಎಚ್2 ಕೂಡ ಏರತ್ತೆ, ಜೀವಕೋಶ ಪ್ರಾಸ್ಟೇಟ್ ವೇಷ ಕಳಚಿ ನರಕೋಶದ ಲಕ್ಷಣ ಇರೋ ಇನ್ನೊಂದು ಜಾತಿ ಆಗತ್ತೆ, ನ್ಯೂರೋಎಂಡೋಕ್ರೈನ್ ಅಂತೀವಿ. ಅದಕ್ಕೆ ಆಂಡ್ರೋಜೆನ್ ರಿಸೆಪ್ಟರೇ ಬೇಕಿಲ್ಲ. ಬೇಕಿಲ್ಲ ಅಂದ್ಮೇಲೆ ಕೆಎಲ್‌ಕೆ3 ಓದೋ ಗೊಡವೆಯೂ ಇಲ್ಲ, ಪಿಎಸ್‌ಎ ಬರಲ್ಲ. ಲಿವರ್‌ನಲ್ಲಿ ಹೊಸ ಗಡ್ಡೆ ಬರ್ತಿರತ್ತೆ, ಪಿಎಸ್‌ಎ ನೆಲ ಕಚ್ಚಿರತ್ತೆ. ಇದು ಎಲ್ಲರಿಗೂ ಆಗಲ್ಲ, ಕಮ್ಮಿ ಜನಕ್ಕೆ ಆಗೋದು, ಪಿಟೆನ್ ಒಂದೇ ಹೋದ್ರೆ ಹೀಗಾಗತ್ತೆ ಅಂತಲೂ ಅಲ್ಲ. ಆದ್ರೆ "ಪಿಎಸ್‌ಎ ಇಳಿದ್ರೆ ಸಾಕಲ್ವಾ" ಅಂದ್ರಲ್ಲ, ಅದಕ್ಕೆ ನಾನು ಪೂರ್ತಿ ಹೂಂ ಅನ್ನದೇ ಇರೋದು ಈ ಕಾರಣಕ್ಕೆ. ಶುರುವಿನಲ್ಲಿ ಪಿಎಸ್‌ಎ ಇಳಿಯೋದು ನಿಜವಾಗ್ಲೂ ಒಳ್ಳೆ ಸುದ್ದಿ, ಟ್ರೀಟ್‌ಮೆಂಟ್ ಶುರುವಾಗಿ ಏಳು ತಿಂಗಳ ಹೊತ್ತಿಗೆ 0.2ಕ್ಕಿಂತ ಕೆಳಗೆ ಬಂದೋರು ಹೆಚ್ಚು ಕಾಲ ಚೆನ್ನಾಗಿರ್ತಾರೆ ಅನ್ನೋದು ದೊಡ್ಡ ಟ್ರಯಲ್‌ಗಳಿಂದ ತಿಳಿದ ವಿಷಯ. ಅದರ ಜೊತೆಗೆ ಸ್ಕ್ಯಾನ್, ಮೂಳೆ ನೋವು, ತೂಕ, ಆಲ್ಕಲೈನ್ ಫಾಸ್ಫಟೇಸ್ (ಮೂಳೆಯ ಸ್ಥಿತಿ ಸೂಚಿಸೋ ರಕ್ತದ ಟೆಸ್ಟ್) ಇವನ್ನೂ ನೋಡ್ತಿರಿ, ನಂಬರ್ ಒಂದನ್ನೇ ನಂಬ್ಕೊಂಡು ಕೂರಬೇಡಿ ಅಂತ ನನ್ನ ಮಾತು.

ಇನ್ನು ರಿಪೋರ್ಟ್‌ನಲ್ಲಿರೋ ಆ ಸಾಲು ಹೇಗೆ ಬಂತು ಅಂತ ಗೊತ್ತಿದ್ರೆ ಅದನ್ನ ಎಷ್ಟು ನಂಬ್ಬೇಕು ಅನ್ನೋದೂ ಗೊತ್ತಾಗತ್ತೆ. ಪ್ಯಾಥಾಲಜಿಸ್ಟ್ ನಿಮ್ಮ ತಂದೆಯ ಅಂಗಾಂಶದ ತೆಳ್ಳನೆ ಪದರದ ಮೇಲೆ ಪಿಟೆನ್ ಪ್ರೋಟೀನ್‌ಗೆ ಅಂಟೋ ಆಂಟಿಬಾಡಿ ಹಾಕ್ತಾರೆ, ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಬರತ್ತೆ, ನ್ಯೂಕ್ಲಿಯಸ್‌ಗಳಿಗೆಲ್ಲಾ ನೀಲಿ ಬಣ್ಣ ಬೇರೆ ಕೊಟ್ಟಿರ್ತಾರೆ. ಒಳ್ಳೆ ಸ್ಲೈಡ್‌ನಲ್ಲಿ ಏನು ಕಾಣತ್ತೆ ಅಂದ್ರೆ, ರಕ್ತನಾಳದ ಗೋಡೆ ಕಂದು, ಗ್ರಂಥಿಗಳ ನಡುವಿನ ಆಧಾರದ ಅಂಗಾಂಶ, ಸ್ಟ್ರೋಮಾ, ಕಂದು, ಪಕ್ಕದಲ್ಲೇ ಕ್ಯಾನ್ಸರ್ ಇಲ್ಲದ ಒಂದೆರಡು ಗ್ರಂಥಿ ಕಂದು, ಅದೇ ಚೌಕಟ್ಟಿನಲ್ಲಿ ಕ್ಯಾನ್ಸರ್ ಗ್ರಂಥಿಗಳು ಮಾತ್ರ ಬಣ್ಣ ತೊಳೆದು ಹಾಕಿದ ಹಾಗೆ ಮಂಕು ನೀಲಿ. ಆ ಸುತ್ತಲಿನ ಕಂದು ತುಂಬಾ ಮುಖ್ಯ, ಟೆಸ್ಟ್ ಕೆಲಸ ಮಾಡಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಎಲ್ಲಾ ಕಡೆ ಮಂಕಿದ್ರೆ ಆ ಸ್ಲೈಡ್‌ನಿಂದ ಏನೂ ಹೇಳೋ ಹಾಗಿಲ್ಲ. ಪ್ರಾಸ್ಟೇಟ್‌ನಲ್ಲಿ ಪಿಟೆನ್ ಹೋಗೋದು ಹೆಚ್ಚಾಗಿ ಜೀನ್‌ನ ಇಡೀ ತುಂಡೇ ಉದುರಿ, ಒಂದೆರಡು ಅಕ್ಷರ ತಪ್ಪಾಗಿ ಹೋಗೋದು ಕಮ್ಮಿ, ಪ್ರೋಟೀನ್ ಟೆಸ್ಟ್ ಚೆನ್ನಾಗಿ ನಡೆಯೋದು ಅದಕ್ಕೇ. ಒಂದೇ ಪ್ರಾಸ್ಟೇಟ್‌ನ ಒಂದು ಮೂಲೆಯಲ್ಲಿ ಪಿಟೆನ್ ಇರತ್ತೆ, ಇನ್ನೊಂದು ಮೂಲೆಯಲ್ಲಿ ಹೋಗಿರತ್ತೆ, ಇದೂ ಸಾಮಾನ್ಯ, ಯಾಕಂದ್ರೆ ಈ ನಷ್ಟ ಎಷ್ಟೋ ಸಲ ಕ್ಯಾನ್ಸರ್ ಶುರುವಾದ್ಮೇಲೆ ಒಂದು ಕವಲಿನಲ್ಲಿ ಆಗೋದು. ಅದಕ್ಕೆ "ಲಾಸ್" ಅನ್ನೋ ಪದ ಮಾತ್ರ ಓದಿ ಬಿಡಬೇಡಿ, ಎಷ್ಟು ಭಾಗದಲ್ಲಿ, ಎಷ್ಟು ಕೋರ್‌ನಲ್ಲಿ (ಬಯಾಪ್ಸಿ ಸೂಜಿಯಲ್ಲಿ ತೆಗೆದ ತುಂಡು) ಅಂತ ಬರೆದಿದ್ಯಾ ನೋಡಿ.

ಟ್ರೀಟ್‌ಮೆಂಟ್‌ಗೆ ಬರೋಣ. ಪಿಟೆನ್ ಹೋದ ಕಾಯಿಲೆ ಹಾರ್ಮೋನ್ ಔಷಧಕ್ಕೆ ಬಗ್ಗತ್ತೆ, ಬಗ್ಗಲ್ಲ ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ. ಆದ್ರೆ ಪಿಟೆನ್ ಇರೋರಿಗೆ ಹೋಲಿಸಿದ್ರೆ ಆ ಪರಿಣಾಮ ಉಳಿಯೋ ಕಾಲ ಸರಾಸರಿ ಕಮ್ಮಿ. ಅದಕ್ಕೇ ಎಕೆಟಿ ತಡೆಯೋ ಮಾತ್ರೆಗಳನ್ನ, ಇಪಟಾಸರ್ಟಿಬ್, ಕ್ಯಾಪಿವಾಸರ್ಟಿಬ್ ಇಂಥವನ್ನ, ಅಬಿರಾಟೆರೋನ್ ಅನ್ನೋ ಹಾರ್ಮೋನ್ ಔಷಧದ ಜೊತೆ ಸೇರಿಸಿ ನೋಡಿದ್ರು. 2021ರಲ್ಲಿ ಬಂದ ಐಪಟೆನ್ಶಿಯಲ್150 ಟ್ರಯಲ್‌ನಲ್ಲಿ, ಹಾರ್ಮೋನ್‌ಗೆ ಬಗ್ಗದ ಹಂತದ ಪಿಟೆನ್ ಲಾಸ್ ರೋಗಿಗಳಲ್ಲಿ, ಇಪಟಾಸರ್ಟಿಬ್ ಸೇರಿಸಿದಾಗ ಸ್ಕ್ಯಾನ್‌ನಲ್ಲಿ ಕಾಯಿಲೆ ಮುಂದುವರಿಯೋದಕ್ಕೆ ಹಿಡಿದ ಮಧ್ಯಮ ಕಾಲ 16.5 ತಿಂಗಳಿಂದ 18.5 ತಿಂಗಳಾಯ್ತು, ಕೊನೇಲಿ ಒಟ್ಟು ಬದುಕಿದ ಕಾಲದಲ್ಲಿ ಹೇಳ್ಕೊಳ್ಳೋ ಹಾಗಿನ ವ್ಯತ್ಯಾಸ ಸಿಗಲಿಲ್ಲ. 2025ರಲ್ಲಿ ಬಂದ ಕ್ಯಾಪಿಟೆಲ್ಲೋ-281 ಟ್ರಯಲ್ ನಿಮ್ಮ ತಂದೆಯವರ ಸ್ಥಿತಿಗೆ ಹತ್ರದ್ದು, ಹೊಸದಾಗಿ ಪತ್ತೆಯಾದಾಗಲೇ ಹರಡಿರೋ, ಹಾರ್ಮೋನ್‌ಗೆ ಇನ್ನೂ ಬಗ್ಗೋ, ಪಿಟೆನ್ ಕಳ್ಕೊಂಡ ಕಾಯಿಲೆಯಲ್ಲಿ ಮಾತ್ರ ಮಾಡಿದ್ದು, ಅಲ್ಲಿ ಕ್ಯಾಪಿವಾಸರ್ಟಿಬ್ ಸೇರಿಸಿದಾಗ ಅದೇ ಅಳತೆ 25.7ರಿಂದ 33.2 ತಿಂಗಳಾಯ್ತು. ಏಳೂವರೆ ತಿಂಗಳು ನಂಗೆ ಚಿಕ್ಕ ವಿಷಯ ಅನ್ಸಲ್ಲ. ಆದ್ರೆ ಬೆಲೆ ತೆರಬೇಕು, ಭೇದಿ, ಮೈ ಮೇಲೆ ದದ್ದು, ಸಕ್ಕರೆ ಏರೋದು, ಸಕ್ಕರೆ ಯಾಕೆ ಅಂದ್ರೆ ಇನ್ಸುಲಿನ್ ಕೂಡ ದೇಹದಲ್ಲಿ ಇದೇ ಪಿಐ3ಕೆ ಎಕೆಟಿ ದಾರಿ ಬಳಸೋದು, ಔಷಧಕ್ಕೆ ಗಡ್ಡೆಯ ಎಕೆಟಿ ಯಾವುದು ಲಿವರ್‌ನ ಎಕೆಟಿ ಯಾವುದು ಅಂತ ಗೊತ್ತಾಗಲ್ಲ. ನಿಮ್ಮ ತಂದೆಗೆ ಡಯಾಬಿಟಿಸ್ ಇದ್ರೆ ಈ ಮಾತು ಮೊದಲೇ ಎತ್ತಿ. ಆ ಟ್ರಯಲ್‌ನಲ್ಲಿ ಪಿಟೆನ್ ಕಳ್ಕೊಂಡಿದೆ ಅಂತ ಲೆಕ್ಕಕ್ಕೆ ತಗೊಂಡಿದ್ದು ಕಮ್ಮಿ ಅಂದ್ರೂ ನೂರಕ್ಕೆ 90 ಕ್ಯಾನ್ಸರ್ ಜೀವಕೋಶಗಳು ಕಂದಾಗದೇ ಇದ್ದಾಗ ಮಾತ್ರ, ಎಷ್ಟು ಭಾಗ ಅಂತ ನೋಡಿ ಅಂದಿದ್ದು ಇದಕ್ಕೂ ಸೇರಿ.

ಮುಂದಿನ ಸಲ ಆಂಕಾಲಜಿಸ್ಟ್ ಹತ್ರ ಹೋದಾಗ ಮೂರು ವಿಷಯ ಕೇಳಿ. ಪಿಟೆನ್ ಜೊತೆ ಪಿ53, ಆರ್‌ಬಿ1 ನೋಡಿದಾರಾ? ಬಿಆರ್‌ಸಿಎ2 ಗುಂಪಿನ ಟೆಸ್ಟ್, ಗಡ್ಡೆಯಲ್ಲೂ ರಕ್ತದಲ್ಲೂ, ಆಗಿದ್ಯಾ? ಯಾಕಂದ್ರೆ ಅದು ಪಾಸಿಟಿವ್ ಬಂದ್ರೆ ಒಲಾಪರಿಬ್ ಥರದ ಬೇರೆ ಔಷಧಗಳ ದಾರಿ ತೆರೆಯತ್ತೆ. ಎಕೆಟಿ ಔಷಧ ಅಥವಾ ಪಿಟೆನ್ ಲಾಸ್ ರೋಗಿಗಳ ಟ್ರಯಲ್ ಯಾವುದಾದ್ರೂ ನಮಗೆ ಹೊಂದತ್ತಾ? ಮತ್ತೆ ಬಯಾಪ್ಸಿಯ ಪ್ಯಾರಾಫಿನ್ ಬ್ಲಾಕ್, ಅಂದ್ರೆ ಅಂಗಾಂಶವನ್ನ ಮೇಣದಲ್ಲಿ ಇಟ್ಟಿರೋ ತುಂಡು, ಎಲ್ಲಿದೆ ಅಂತ ಕೇಳಿ ಬರೆದಿಟ್ಕೊಳ್ಳಿ, ಈ ಟೆಸ್ಟ್‌ಗಳನ್ನ ಅದೇ ಬ್ಲಾಕ್ ಮೇಲೆ ಮಾಡಬಹುದು. ಮುಂದೆ ಯಾವತ್ತಾದ್ರೂ ಪಿಎಸ್‌ಎ ಕಮ್ಮಿ ಇದ್ದೂ ಸ್ಕ್ಯಾನ್‌ನಲ್ಲಿ ಕಾಯಿಲೆ ಬೆಳೆದಿದ್ರೆ ಹೊಸ ಬಯಾಪ್ಸಿ ಕೇಳೋಕೆ ಹಿಂಜರೀಬೇಡಿ, ಅದು ಮೂಳೆಯಿಂದ ತೆಗೆಯೋದಾದ್ರೆ ಮೊದಲೇ ಪ್ಯಾಥಾಲಜಿಯವರಿಗೆ ಜೀನ್ ಟೆಸ್ಟ್‌ಗೂ ಬೇಕು ಅಂತ ಹೇಳಿಸಿ, ಯಾಕಂದ್ರೆ ಮೂಳೆಯ ಕ್ಯಾಲ್ಶಿಯಂ ಕರಗಿಸೋಕೆ ಬಳಸೋ ಗಟ್ಟಿ ಆಸಿಡ್‌ನಲ್ಲಿ ಡಿಎನ್‌ಎ ಹಾಳಾಗತ್ತೆ, ಅದರ ಬದಲು ಇಡಿಟಿಎ ಅನ್ನೋ ಮೆದು ರಾಸಾಯನಿಕ ಬಳಸಿದ್ರೆ ಸ್ವಲ್ಪ ದಿನ ಜಾಸ್ತಿ ಹಿಡಿದ್ರೂ ಡಿಎನ್‌ಎ ಉಳ್ಕೊಳ್ಳತ್ತೆ.